ಬೆನ್ನಿನ ಮೂರನೆಯ ಮಣಿ

ಹುಮನಾಬಾದಿನ ಸ್ಕ್ಯಾನಿಂಗ್ ಕೇಂದ್ರವೊಂದರಲ್ಲಿ ಮೂಳೆಯ ಸಾಂದ್ರತೆ ಅಳೆಯುವುದು ನನ್ನ ಕೆಲಸ. ಅಂಕಿ ಮೈನಸ್ ಎರಡೂವರೆಗೆ ಅಥವಾ ಅದಕ್ಕೂ ಕೆಳಗೆ ಇಳಿದರೆ ಅದು ಆಸ್ಟಿಯೊಪೊರೋಸಿಸ್. ಮೂಳೆ ಒಳಗೊಳಗೇ ಟೊಳ್ಳಾಗಿದೆ ಎಂದರ್ಥ.

ಸೋಮವಾರ ಕೊಹಿನೂರಿನ ಶೇವಂತಾಬಾಯಿ ಮಗ ಅಂಬರೀಷನೊಂದಿಗೆ ಬಂದರು. ಅಂಗಳದಲ್ಲಿ ಜಾರಿ ಅವರ ಮಣಿಕಟ್ಟು ಮುರಿದು ಎರಡು ತಿಂಗಳಾಗಿತ್ತು. ತೊಗರಿ ಕೊಯ್ಯುವ ಹನ್ನೊಂದು ಹೆಂಗಸರ ಗುಂಪಿಗೆ ಅವರೇ ಮುಂದಾಳು.

"ಎಲುಬು ಕಚ್ಚಾ ಅಂತ ಬಂತಂದ್ರ ಅವ್ವನ ಹೊಲ ಬಂದ್ ರೀ," ಎಂದು ಅಂಬರೀಷ ಹೊರಗೆ ಕುಳಿತ.

ಸೊಂಟದ ಅಂಕಿ ಮೈನಸ್ 2.2, ಬೆನ್ನಿನದು ಮೈನಸ್ 1.9. ಎರಡೂ ಗೆರೆ ದಾಟಿರಲಿಲ್ಲ. ಆದರೆ ಬೆನ್ನಿನ ಮೂರನೆಯ ಮಣಿಯೊಂದೇ ಅಕ್ಕಪಕ್ಕದವುಗಳಿಗಿಂತ ಬಹಳ ಗಟ್ಟಿ ಎಂದು ತೋರುತ್ತಿತ್ತು. ಚಿತ್ರದಲ್ಲಿ ಅದರ ಮೇಲೆ ಬಿಳಿಯ ಚುಕ್ಕೆಗಳಿದ್ದವು.

"ಆಯಿ, ಕ್ಯಾಲ್ಸಿಯಂ ಗುಳಿಗಿ ತಗೊಂಡೀರೇನ್ರಿ?"

ಅವರು ಸೂರು ನೋಡಿದರು. "ಬಸವಕಲ್ಯಾಣ ಬಸ್‌ಸ್ಟ್ಯಾಂಡಿನಾಗ ಚಹಾದ ಜೋಡಿ ನಾಲ್ಕು ನುಂಗೀನಿ. ಪರೀಕ್ಷಾ ಅಂದ್ಮ್ಯಾಲ ಓದ್ಕೊಂಡು ಬರಬೇಕಿಲ್ಲೇನು?"

"ನಿನ್ನಿಯಿಂದ ಬಂದ್ ಮಾಡ್ರಿ ಅಂತ ಫೋನಿನಾಗ ಹೇಳಿದ್ದೆ."

"ನೀ ಬ್ಯಾಡ ಅಂದಾಗಲೇ ತಿಳೀತು ಬೇಟಿ, ತಗೊಂಡ್ರ ನಂಬರ ಏರ್ತದ ಅಂತ."

ನಗು ತಡೆದುಕೊಂಡೆ. ಕರಗದ ಗುಳಿಗೆಗಳು ಹೊಟ್ಟೆಯಲ್ಲಿ ಬೆನ್ನಿನ ಮುಂದೆಯೇ ಬಿದ್ದಿದ್ದವು. ಯಂತ್ರ ಅವನ್ನೂ ಮೂಳೆಯೆಂದೇ ಎಣಿಸಿತ್ತು.

"ಹಿಂಗೇ ಬರ್ದು ಕೊಡು," ಎಂದು ಅವರು ದನಿ ತಗ್ಗಿಸಿದರು. "ಮನ್ಯಾಗ ಕುಂತ್ರ ನಂಗ ಯಾರು ಕೇಳ್ತಾರ?"

"ಇದು ಗುಳಿಗಿ ನಂಬರ್ರಿ, ನಿಮ್ಮದಲ್ಲ. ಇದನ್ನ ನಂಬಿದ್ರ ಔಷಧ ಸಿಗಂಗಿಲ್ಲ. ನಾಳಿ ಹೊಲದಾಗ ಬಿದ್ದು ಸೊಂಟ ಮುರಕೊಂಡ್ರ ಆ ಹನ್ನೊಂದು ಮಂದೀನ ಯಾರು ನಡಸ್ತಾರ?"

ಬೆನ್ನಿನ ಅಳತೆಯನ್ನು ರದ್ದುಮಾಡಿ, ಗುಳಿಗೆಯಿಲ್ಲದೆ ಗುರುವಾರ ಬರುವಂತೆ ಬರೆದುಕೊಟ್ಟೆ.

ಬರುವರೆಂಬ ಖಾತರಿ ಇರಲಿಲ್ಲ. ಆದರೂ ಗುರುವಾರ ಮೊದಲ ಬಸ್ಸಿಗೇ ಬಂದರು. ಈ ಸಲ ಚುಕ್ಕೆಗಳಿರಲಿಲ್ಲ. ಬೆನ್ನಿನ ಅಂಕಿ ಮೈನಸ್ 2.9.

ವೈದ್ಯರು ಅಂದೇ ಚಿಕಿತ್ಸೆ ಆರಂಭಿಸಿದರು. ಭಾರ ಹೊರುವುದು, ಬಗ್ಗಿ ಕೊಯ್ಯುವುದು ಬೇಡ; ನಡಿಗೆ ಮಾತ್ರ ದಿನವೂ ಬೇಕು ಎಂದರು.

"ಅಂದ್ರ ಹೊಲ ಬಂದ್ ಆತು," ಎಂದ ಅಂಬರೀಷ.

"ಕಿವಿ ಎಲ್ಲಿಟ್ಟೀಯಪ್ಪಾ? ಸಾಹೇಬ್ರು ನಡೀ ಅಂದಾರ," ಎಂದರು ಶೇವಂತಾಬಾಯಿ. "ಹೊರಿ ನೀ ಹೊರು. ನಾ ಬದುವಿನ ಮ್ಯಾಲ ಅಡ್ಡಾಡ್ಕೋತ ಮಂದೀನ ಕೆಲಸಕ್ಕ ಹಚ್ತೀನಿ."

ಅಂಬರೀಷ ವೈದ್ಯರತ್ತ ನೋಡಿದ. ಅವರು ಹೌದೆಂದು ತಲೆಯಾಡಿಸಿದರು.