ಹೆಸರು ಹೇಳಬಾರದ ಬೇರು

"ತಲೆಗೆ ಎಂತ ಹಚ್ಚಿದ್ದು?" ಡಾಕ್ಟರ್ ವಸುಮತಿ ಮೂರನೇ ಸಲ ಕೇಳಿದರು.

ಗೊತ್ತಿದ್ದರೆ ಸುರಕ್ಷಾ ಹೇಳುತ್ತಿರಲಿಲ್ಲವೇ? ಎಡಗಿವಿಯ ಮೇಲೆ ಕೂದಲುದುರಿ ಎಂಟಾಣೆಯಗಲ ಬೋಳಾಗಿದ್ದ ಜಾಗ ಈಗ ಅಂಗೈಯಗಲ ಕೆಂಪಾಗಿ, ಬೊಕ್ಕೆಯೆದ್ದು ನೀರು ಸುರಿಸುತ್ತಿತ್ತು. ಕಣ್ಣು ಬಾತು ಅರ್ಧ ಮುಚ್ಚಿಹೋಗಿತ್ತು.

"ಬೆಳಿಗ್ಗೆ ಇಲ್ಲೇ ಪುತ್ತೂರಿನ ಒಂದು ಹೇರ್ ಕ್ಲಿನಿಕ್ಕಿನ ಸೀರಮ್. ಸಂಜೆ ನಮ್ಮ ಅಜ್ಜಿಯ ಮದ್ದು."

"ಸೀರಮ್ಮಲ್ಲಿ ಎಂತ ಉಂಟು?"

"ಬಾಟ್ಲಿಯಲ್ಲಿ ಬರೆದಿಲ್ಲ. ಕೇಳಿದ್ರೆ ಅದು ಗುಟ್ಟು ಅಂತಾರೆ."

"ಅಜ್ಜಿಯ ಮದ್ದಲ್ಲಿ?"

"ಅದರ ಹೆಸರು ಹೇಳ್ಲಿಕ್ಕಿಲ್ಲ ಡಾಕ್ಟ್ರೆ, ಹೇಳಬಾರದಂತೆ."

ವಸುಮತಿ ಪೆನ್ನು ಮೇಜಿನ ಮೇಲೆ ಎಸೆದರು. "ಒಳ್ಳೇದಾಯ್ತು. ಅವರೂ ಹೇಳುದಿಲ್ಲ, ಇವರೂ ಹೇಳುದಿಲ್ಲ. ನಾನೆಂತ ಜೋಯಿಸರಲ್ಲಿ ಪ್ರಶ್ನೆ ಇಡಿಸುದಾ? ಎರಡನ್ನೂ ಇವತ್ತೇ ನಿಲ್ಲಿಸು. ಎರಡರ ಹೆಸರೂ ನಾಳೆಯೊಳಗೆ ತಾ. ಸುಟ್ಟದ್ದು ಆಳಕ್ಕೆ ಇಳಿದ್ರೆ ಅಲ್ಲಿ ಮತ್ತೆ ಕೂದಲು ಹುಟ್ಟುದೇ ಇಲ್ಲ, ನೆನಪಿರ್ಲಿ."

ತನ್ನೂರು ಕೋಡಿಂಬಾಳಕ್ಕೆ ಹೊರಟ ಬಸ್ಸಿನಲ್ಲಿ ಸುರಕ್ಷಾ ಶಾಲನ್ನು ತಲೆಗೆ ಎಳೆದುಕೊಂಡು ಕುಳಿತಳು. ಅವಳು ಊರಿನ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುವವಳು. ಆರು ತಿಂಗಳಿನಿಂದ ಕ್ಯಾನು ಹಿಡಿದು ಬಂದವರೆಲ್ಲ ಹಾಲಿನ ಫ್ಯಾಟಿಗಿಂತ ಮೊದಲು ನೋಡಿದ್ದು ಅವಳ ತಲೆಯನ್ನು. ಒಬ್ಬರು ದಾಸವಾಳದ ಎಲೆ ಅರೆಯಲು ಹೇಳಿದರೆ ಇನ್ನೊಬ್ಬರು ಗರಗದ ಸೊಪ್ಪಿನ ಎಣ್ಣೆ ಕಾಯಿಸಲು ಹೇಳಿದರು, ಮತ್ತೊಬ್ಬರು ನೀರುಳ್ಳಿಯ ರಸ ಅಂದರು. ಮದುವೆಯಾಗದ ಹುಡುಗಿ ಅಲ್ಲವಾ ಎಂದು ಕೊನೆಗೊಂದು ನಿಟ್ಟುಸಿರು. ಇಪ್ಪತ್ತೈದನೇ ವಯಸ್ಸಿಗೇ ತಲೆ ನುಣ್ಣಗಾದ ಅಪ್ಪ ಕುಕ್ಕಪ್ಪನಿಗೆ ಈ ಊರು ಒಂದೇ ಒಂದು ಎಲೆ ಅರೆದು ಕೊಟ್ಟದ್ದುಂಟೇ? ಗಂಡಸಿನ ಬೋಳು ಅವನ ಸ್ವಂತದ್ದು. ಹೆಂಗಸಿನ ಬೋಳಿಗೆ ಊರೆಲ್ಲ ಪಾಲುದಾರರು!

ಆ ಬಾಯಿಗಳನ್ನು ಮುಚ್ಚಿಸಲೆಂದೇ ಅವಳು ಎರಡೂ ಕಡೆ ಹೋದದ್ದು. ಕ್ಲಿನಿಕ್ಕಿನ ವಿಷಯ ಅಜ್ಜಿಗೆ ಹೇಳಲಿಲ್ಲ, ಬೇಸರ ಮಾಡಿಕೊಳ್ಳುತ್ತಾರೆಂದು. ಅಜ್ಜಿಯ ವಿಷಯ ಕ್ಲಿನಿಕ್ಕಿನಲ್ಲಿ ಬಾಯಿ ಬಿಡಲಿಲ್ಲ, ನಗುತ್ತಾರೆಂದು.

ಈ ಅಜ್ಜಿ, ದುಗ್ಗಮ್ಮ, ಅಪ್ಪನ ಚಿಕ್ಕಮ್ಮ. ಕಡಬ ಪೇಟೆಯ ಆಚೆಯಿಂದಲೂ ಜನ ವೀಳ್ಯದೆಲೆ, ಅಡಿಕೆ ಹಿಡಿದು ಮದ್ದಿಗೆಂದು ಅವರ ಜಗಲಿಗೆ ಬರುತ್ತಿದ್ದರು. ಮದ್ದಿನ ಬೇರನ್ನು ಆದಿತ್ಯವಾರ ಬೆಳಕು ಹರಿಯುವ ಮೊದಲು ಯಾರೊಡನೆಯೂ ಮಾತಾಡದೆ ಅಗೆಯಬೇಕು. ಅದರ ಹೆಸರು ಬಾಯಿಗೆ ಬಂದರೆ ಕೊಟ್ಟವರ ಕೈಗುಣ ಅಲ್ಲಿಗೇ ಮುಗಿಯಿತು.

ಬಸ್ಸಿಳಿದ ಸುರಕ್ಷಾ ನೇರ ಆ ಜಗಲಿಗೆ ಹೋದಳು. "ಹೆಸರು ಹೇಳಿ ಅಜ್ಜಿ."

"ನಿನಗೆಂತ ಮರ್ಲಾ, ಹುಚ್ಚಾ? ಹೇಳಿದ್ರೆ ಕೈಗುಣ ಹೋಗ್ತದೆ."

"ನನ್ನ ಚರ್ಮವೇ ಹೋಗಿದೆ!" ಸುರಕ್ಷಾ ಶಾಲು ಕಿತ್ತೆಸೆದಳು.

ದುಗ್ಗಮ್ಮ ಎದ್ದು ಬಂದರು. ಅವಳ ತಲೆಯನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. "ಇದೆಂತ ಚುಕ್ಕಿ ಚುಕ್ಕಿ?"

"ಸೂಜಿಯದ್ದು. ಕ್ಲಿನಿಕ್ಕಿನಲ್ಲಿ ಸೂಜಿಯ ರೋಲರ್ ಉರುಳಿಸ್ತಾರೆ, ವಾರಕ್ಕೊಮ್ಮೆ."

"ಅಯ್ಯೋ ಹಾಳಾದವಳೇ! ಗಾಯದ ಮೇಲೆ ಹಚ್ಚುವ ಮದ್ದಾ ಅದು? ಹೇಳ್ಲಿಕ್ಕೆ ಬಾಯಿ ಇರ್ಲಿಲ್ವಾ ನಿನಗೆ?"

"ನಿಮಗೆ ಇತ್ತಾ?"

ಜಗಲಿಯ ಮೂಲೆಯಲ್ಲಿ ಒಣಗಿದ ವೀಳ್ಯದೆಲೆಗಳಿದ್ದವು, ಮೊನ್ನೆ ಯಾರೋ ತಂದಿಟ್ಟದ್ದು. ಅಜ್ಜಿ ಅವನ್ನು ಒಮ್ಮೆ ನೋಡಿದರು. ಆಮೇಲೆ ಹತ್ತು ಮನೆಗೆ ಕೇಳುವ ಹಾಗೆ, ಬೈಗುಳದ ಹಾಗೆ ಹೇಳಿದರು: "ಚಿತ್ರಮೂಲ! ಚಿತ್ರಮೂಲದ ಬೇರು! ಬರ್ಕೊ!"

ಸುರಕ್ಷಾ ಅಲ್ಲಿಂದಲೇ ಫೋನು ಮಾಡಿದಳು. "ಚರ್ಮ ಸುಡುವ ಬೇರೇ ಅದು," ಎಂದರು ವಸುಮತಿ. "ಒಂದು ಸಿಕ್ಕಿತು. ಇನ್ನೊಂದು?"

"ಇನ್ನೊಂದು ಎಂತ?" ಅಜ್ಜಿ ಕೇಳಿದರು.

"ಕ್ಲಿನಿಕ್ಕಿನದ್ದು. ಅವರು ಹೇಳುದಿಲ್ಲ."

"ಹೇಳುದಿಲ್ವಾ?" ದುಗ್ಗಮ್ಮ ಸೆರಗು ಸಿಕ್ಕಿಸಿಕೊಂಡರು. "ನಾಳೆ ಮೊದಲ ಬಸ್ಸಿಗೆ ನಾನೂ ಬರ್ತೇನೆ."

ಮಾಳಿಗೆಯ ಮೇಲಿನ ಆ ಕ್ಲಿನಿಕ್ಕಿನಲ್ಲಿ ಎ.ಸಿ. ತಣ್ಣಗೆ ಬೀಸುತ್ತಿತ್ತು. ಗೋಡೆ ತುಂಬ ದಟ್ಟ ಕೂದಲಿನ ನಗುಮುಖಗಳು. ಸೋಫಾದ ಮೇಲೆ ಟೋಪಿ ಹಾಕಿದ ಇಬ್ಬರು ಗಂಡಸರು, ಶಾಲು ಹೊದ್ದ ಒಬ್ಬ ಹೆಂಗಸು. ದುಗ್ಗಮ್ಮ ಅವರ ನಡುವೆ ಜಾಗ ಮಾಡಿಕೊಂಡು ಕುಳಿತರು.

ಕ್ಲಿನಿಕ್ ನೋಡಿಕೊಳ್ಳುವ ಯತಿನ್ ಬಿಳಿ ಕೋಟಿನಲ್ಲಿ ನಗುನಗುತ್ತಲೇ ಬಂದ. ಸುರಕ್ಷಾಳ ತಲೆ ಕಂಡದ್ದೇ ಅವನ ನಗು ನಿಂತಿತು.

"ಇದರಲ್ಲಿ ಎಂತ ಉಂಟು, ಹೇಳಿ," ಎಂದು ಅವಳು ಬಾಟಲಿಯನ್ನು ಕೌಂಟರಿನ ಮೇಲೆ ಕುಕ್ಕಿದಳು.

"ಮೇಡಂ, ಅದು ಕಂಪೆನಿಯ ಫಾರ್ಮುಲಾ. ಹೊರಗೆ ಹೇಳುವ ಹಾಗಿಲ್ಲ. ಒಳಗೆ ಬನ್ನಿ, ಮಾತಾಡುವ."

"ಇಲ್ಲೇ ಮಾತಾಡುವ. ಎಲ್ಲರ ಎದುರು."

"ಅಲ್ಲ ಮೇಡಂ, ನೀವು ಮನೆಯಲ್ಲಿ ಸೊಪ್ಪುಗಿಪ್ಪು ಏನಾದ್ರೂ ಹಚ್ಚಿದ್ರೆ ನಾವು..."

"ಸೊಪ್ಪಲ್ಲ, ಬೇರು," ಎಂದರು ದುಗ್ಗಮ್ಮ ಕುಳಿತಲ್ಲಿಂದಲೇ. "ಚಿತ್ರಮೂಲ. ಹೌದು, ಅದು ಸಹ ಸುಟ್ಟಿದೆ. ನಾನು ಒಪ್ಪಿದೆ. ಐವತ್ತು ವರ್ಷದ ಕೈಗುಣ ನಿನ್ನೆ ಬಿಟ್ಟೆ ಮಗಾ, ಇವಳ ತಲೆಗೋಸ್ಕರ. ನಿನ್ನದು ಎಷ್ಟು ವರ್ಷದ್ದು?"

ಟೋಪಿಯವರಲ್ಲೊಬ್ಬ ತನ್ನ ಚೀಲದಿಂದ ಅದೇ ಬಾಟಲಿ ತೆಗೆದು ತಿರುಗಿಸಿ ನೋಡಿದ. "ಹೌದಲ್ಲ ಮಾರಾಯ್ರೆ, ಇದರಲ್ಲಿ ಎಂತ ಉಂಟು?"

ಯತಿನ್ ಒಳಗೆ ಹೋಗಿ ಫೋನು ಮಾಡಿದ. ಗಾಜಿನ ಬಾಗಿಲಿನಾಚೆ ಅವನ ತುಟಿ ಅಲ್ಲಾಡುವುದು, ನಿಲ್ಲುವುದು, ಮತ್ತೆ ಅಲ್ಲಾಡುವುದು ಕಾಣುತ್ತಿತ್ತು. ಹೊರಗೆ ಬಂದವನ ಸ್ವರ ಇಳಿದಿತ್ತು.

"ಮೇಲಿನವರು ಹೇಳುದಿಲ್ಲ. ನಿಜವಾಗಿ ಹೇಳಬೇಕಾದ್ರೆ ನನಗೂ ಗೊತ್ತಿಲ್ಲ ಮೇಡಂ. ಡಬ್ಬದಲ್ಲಿ ಬರ್ತದೆ, ನಾವು ಬಾಟ್ಲಿಗೆ ತುಂಬಿಸಿ ಕೊಡುದು."

ದುಗ್ಗಮ್ಮ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ನನ್ನದು ನಾನೇ ಕೈಯಾರೆ ಅಗೆದದ್ದು. ನೀನು ಅಗೆದದ್ದೂ ಅಲ್ವಾ?"

ಸುರಕ್ಷಾ ಕೌಂಟರಿನ ಮೇಲಿದ್ದ ಲೆಟರ್‌ಹೆಡ್ಡಿನ ಒಂದು ಹಾಳೆ ಹರಿದು ಪೆನ್ನಿನ ಸಮೇತ ಅವನ ಮುಂದಿಟ್ಟಳು.

"ಈಗ ಹೇಳಿದ್ರಲ್ಲ, ಅದನ್ನೇ ಬರೆದು ಸೀಲು ಹಾಕಿ ಕೊಡಿ. ಡಾಕ್ಟ್ರು ಕಾಯ್ತಿದ್ದಾರೆ."

ಅವಳ ಹಿಂದೆ ಸೋಫಾದಲ್ಲಿದ್ದ ಮೂವರೂ ಎದ್ದು ಸಾಲಾಗಿ ನಿಂತರು.

"ನಮಗೂ ಒಂದೊಂದು," ಎಂದಳು ಶಾಲಿನ ಹೆಂಗಸು.