ಮೂರನೇ ಗಂಟಿಗೆ ಕಲ್ಲಾದವನು

ಗೌರಕ್ಕ ಸಿನಿಮಾ ನೋಡಿ ಬಂದು ಮಾತು ಬಿಟ್ಟಳು ಎಂದರೆ ಹಿಂದೂಪುರದ ಆ ಬೀದಿಯಲ್ಲಿ ಯಾರೂ ನಂಬಲಿಲ್ಲ. ಸೊಳ್ಳೆ ಕಚ್ಚಿದರೆ ಹದ್ದು ಕುಕ್ಕಿತು ಎನ್ನುವ ಹೆಂಗಸು ಅವಳು. ಎದುರು ಮನೆಯ ಕರಿಬಸಮ್ಮನ ಸಾರಿನ ಖಾರಕ್ಕೆ ತನ್ನ ನಾಲಗೆ ಊರು ಬಿಟ್ಟು ಓಡಿಹೋಯಿತು ಎಂದು ಕರಿಬಸಮ್ಮನ ಮುಂದೆಯೇ ಹೇಳಿ, ಅವಳ ಕೈಯಲ್ಲೇ ಇನ್ನೊಂದು ಬಟ್ಟಲು ಹಾಕಿಸಿಕೊಂಡು ಕುಡಿಯುವವಳು. ಅಂಥವಳು ಮ್ಯಾಟಿನಿ ಆಟದಿಂದ ಅರ್ಧಕ್ಕೇ ಎದ್ದು ಬಂದು, ನಡುಮನೆಯ ಕಂಬಕ್ಕೆ ಒರಗಿ, ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕುಳಿತಿದ್ದಳು.

ಅವಳನ್ನು ಸಿನಿಮಾಕ್ಕೆ ಎಳೆದುಕೊಂಡು ಹೋಗಿದ್ದವಳು ಮಗಳ ಮಗಳು ಆದಿಲಕ್ಷ್ಮಿ. ಕಲ್ಯಾಣದುರ್ಗದ ಹುಡುಗಿ, ಮುಂದಿನ ವಾರ ಅಲ್ಲೇ ಅವಳ ಮದುವೆ. ಸೀರೆ ತೆಗೆಯುವ ನೆಪ ಹೇಳಿ ಬಂದಿದ್ದಳು. ನಿಜವಾಗಿ ಬಂದಿದ್ದು ಅಜ್ಜಿಯಿಂದ ಒಂದು ಮಾತು ಪಡೆಯುವುದಕ್ಕೆ.

"ತಾಳಿ ಕಟ್ಟೋವಾಗ ನೀನು ಮುಂದೆ ನಿಂತು ಅಕ್ಷತೆ ಹಾಕ್ಬೇಕು ಅಜ್ಜಿ. ಹಾಕ್ತೀನಿ ಅನ್ನು."

ಗಂಡ ತೀರಿಕೊಂಡ ಮೇಲೆ ಗೌರಕ್ಕ ಎಷ್ಟೋ ಮದುವೆಗಳಿಗೆ ಹೋಗಿದ್ದಳು. ಹೋಳಿಗೆ ತಟ್ಟಿದ್ದಳು, ಬೀಗರನ್ನು ಗೋಳುಹೊಯ್ದುಕೊಂಡಿದ್ದಳು. ಓಲಗ ಜೋರಾದ ಹೊತ್ತಿಗೆ ಮಾತ್ರ ತಾನಾಗಿಯೇ ಅಡುಗೆಯ ಕಡೆಗೆ ಸರಿದುಬಿಡುತ್ತಿದ್ದಳು. ಅಕ್ಷತೆಯ ತಟ್ಟೆ ಅವಳ ಹತ್ತಿರ ಬರುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ.

"ನಾನು ಹಾಕುದ್ರೆ ನಿನ್ ಗಂಡಿನ ಬುರುಡೆ ಒಡ್ದೋಯ್ತದೆ ಕಣೇ. ಆಮ್ಯಾಕೆ ಹೊಲಿಯೋಕೆ ದಬ್ಬಳ ಹುಡುಕ್ಬೇಕು" ಎಂದು ನಗಿಸಿ, ಹುಡುಗಿಯ ಮುಖ ಬಾಡಿದ್ದು ಕಂಡು, "ಆಯ್ತು, ನೋಡಾನ" ಎಂದಿದ್ದಳು. ಆದಿಲಕ್ಷ್ಮಿ ಅದನ್ನೇ ಒಪ್ಪಿಗೆ ಎಂದುಕೊಂಡು ಕುಣಿದಳು. ಆ ಖುಷಿಗೇ ಸಿನಿಮಾ. ದಿಲ್ಲಿಯಲ್ಲಿ ಪದಕ ಗೆದ್ದಿದೆ ಎಂದು ಟಾಕೀಸಿನವರು ಜಟಕಾದಲ್ಲಿ ತಮಟೆ ಬಡಿಸಿಕೊಂಡು ಊರೆಲ್ಲ ಸಾರಿದ್ದ ತೆಲುಗು ಸಿನಿಮಾ ಅದು. ಲೇಪಾಕ್ಷಿ, ರೊದ್ದಂ ಕಡೆಯಿಂದೆಲ್ಲ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಚಂದ್ರಲೋಕದ ರಾಜನ ಮಗಳು ಸ್ನಾನಕ್ಕೆಂದು ಭೂಮಿಯ ಕೊಳಕ್ಕೆ ಇಳಿಯುತ್ತಾಳೆ. ತಾವರೆ ಕೀಳಲು ಬಂದ ಹೂವಾಡಿಗನ ಮೇಲೆ ಅವಳಿಗೆ ಮನಸ್ಸಾಗುತ್ತದೆ. ಅವಳು ನಕ್ಕರೆ ಕೊಳದ ಮೊಗ್ಗುಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಇಬ್ಬರೂ ಕೈ ಹಿಡಿದು ಮೋಡದ ಮೇಲೆ ನಡೆಯುವಾಗ ಗೌರಕ್ಕನ ಉಸಿರು ಮೇಲಿನದು ಮೇಲೆ, ಕೆಳಗಿನದು ಕೆಳಗೆ. "ಬಿದ್ದೀಯ ಕಣ್ಲಾ, ನೋಡ್ಕೊಂಡು ಕಾಲಿಡು!" ಎಂದು ಹೂವಾಡಿಗನಿಗೆ ಬುದ್ಧಿ ಹೇಳಿದಳು. ರಾಜ ಬಂದು ಕಣ್ಣು ಕೆಂಪಗೆ ಮಾಡಿ ಏನೋ ಗುಡುಗಿದಾಗಲೂ ಇವಳ ಬಾಯಿ ನಿಂತಿರಲಿಲ್ಲ. "ಈಯಪ್ಪನ ಮೀಸೆ ನೋಡೇ, ಎರಡು ಎಮ್ಮೆ ಕಟ್ಬೌದು" ಎಂದು ಆದಿಲಕ್ಷ್ಮಿಯನ್ನು ತಿವಿಯುತ್ತಿದ್ದಳು.

ಆಮೇಲೆ ಪರದೆಯ ಮೇಲೆ ಮದುವೆ ಬಂತು. ನೆಲದ ಕ್ಲಾಸಿನ ಹೆಂಗಸರು ಸೆರಗಿನ ಗಂಟು ಬಿಚ್ಚಿದರು. ದೇವಲೋಕದ ಮದುವೆ ಇರುವ ಸಿನಿಮಾ ಎಂದರೆ ಮನೆಯಿಂದಲೇ ಅಕ್ಷತೆ ಕಲಸಿ ತಂದು, ತಾಳಿ ಕಟ್ಟುವ ಹೊತ್ತಿಗೆ ಪರದೆಗೆ ಎರಚುವುದು ಅವರ ರೂಢಿ. ಪಕ್ಕದಲ್ಲಿದ್ದ ಯಾರೋ ಹೆಂಗಸು ಕತ್ತಲಲ್ಲಿ ಗೌರಕ್ಕನ ಕೈ ತಡವಿ, "ತೀಸ್ಕೋಮ್ಮಾ" ಎಂದು ಒಂದು ಹಿಡಿ ಅಕ್ಷತೆ ಸುರಿದಳು. ಕತ್ತಲಿಗೆ ಬರಿ ಹಣೆ ಕಂಡಿರಲಿಲ್ಲ. ಅರಿಶಿನದ ವಾಸನೆ ಗೌರಕ್ಕನ ಮೂಗಿಗೆ ಬಡಿಯಿತು. ಬೇಡ ಎನ್ನಬೇಕು, ಅಷ್ಟರಲ್ಲಿ ಮೂರನೇ ಗಂಟು ಬಿತ್ತು. ಎಲ್ಲರ ಕೈ ಎದ್ದವು. ಅವಳದೂ ಎದ್ದಿತು.

ಅಕ್ಷತೆ ಪರದೆಗೆ ತಗಲಿದ್ದೇ ತಡ, ಓಲಗ ಗಕ್ಕನೆ ನಿಂತಿತು. ಹೂವಾಡಿಗನ ಕಾಲ್ಬೆರಳು ಕಪ್ಪಾದವು. ಕಲ್ಲು ಮೊಣಕಾಲಿಗೆ ಹತ್ತಿತು, ಎದೆಗೆ ಹತ್ತಿತು. ಕೊನೆಗೆ ಹೆಂಡತಿಯನ್ನೇ ನೋಡುತ್ತಿದ್ದ ಕಣ್ಣೂ ಕಲ್ಲಾಯಿತು. ದೀಪ ಹತ್ತಿತು. ಇಂಟರ್ವಲ್.

ಬೆಳಕಿನಲ್ಲಿ ಪಕ್ಕದವಳು ಗೌರಕ್ಕನ ಹಣೆ ನೋಡಿದಳು. ಸೀರೆ ಒತ್ತರಿಸಿಕೊಂಡು ಸ್ವಲ್ಪ ದೂರ ಸರಿದು ಕುಳಿತಳು.

"ಮದ್ವೆಗೆ ನಾನು ಬರಕಿಲ್ಲ." ಕಂಬಕ್ಕೆ ಒರಗಿದ್ದ ಗೌರಕ್ಕ ಕೊನೆಗೂ ಬಾಯಿಬಿಟ್ಟಳು. "ಅಕ್ಷತೆ ಇರ್ಲಿ, ಕಲ್ಯಾಣದುರ್ಗದ ದಿಕ್ಕಿಗೂ ತಿರುಗಾಕಿಲ್ಲ."

ಹುಣಸೆಹಣ್ಣಿನ ಮಂಡಿಯಿಂದ ಬಂದ ಮಗ ಶ್ರೀರಾಮಪ್ಪ ಸಂಗತಿ ಕೇಳಿ ನಕ್ಕ. "ಅದು ಬಟ್ಟೆ ಕಣಮ್ಮ. ಬಟ್ಟೆ ಮ್ಯಾಲೆ ಬೆಳಕು ಬಿಡ್ತಾರೆ."

"ಬಟ್ಟೆ ಅಂತ ನಂಗೂ ಗೊತ್ತು ಕಣ್ಲಾ. ಬಟ್ಟೆಗೇ ಹಿಂಗಾದ್ರೆ, ರಕ್ತ ಮಾಂಸ ಇರೋ ಮಗೀನ ಗತಿ ಏನು?"

ಆದಿಲಕ್ಷ್ಮಿ ಅತ್ತಳು, ಊಟ ಬಿಟ್ಟಳು. ಬೆಳಿಗ್ಗೆ ಮುಖ ಊದಿಸಿಕೊಂಡೇ ಎದ್ದು ಬಂದು ಅಜ್ಜಿಯ ಎದುರು ಕುಳಿತಳು.

"ಇವತ್ತು ಇನ್ನೊಂದ್ಸಲ ನಡಿ. ಅಕ್ಷತೆ ಮುಟ್ಬೇಡ. ಆಗ್ಲೂ ಅವ್ನು ಕಲ್ಲಾದ್ರೆ?"

"ಆಗ್ದಿದ್ರೆ?"

"ಆಗ್ದಿದ್ರೆ ನೀನು ಬರ್ಬೇಡ, ಹೋಗು."

ಟಾಕೀಸಿನಲ್ಲಿ ಗೌರಕ್ಕ ಎರಡೂ ಕೈ ತೊಡೆಯ ಕೆಳಗೆ ಹಾಕಿ ಗೋಡೆಗಂಟಿ ಕುಳಿತಳು. ಮೊಗ್ಗು ಬಿರಿದವು, ಮೋಡ ಬಂತು, ಅವಳು ತುಟಿ ಎರಡು ಮಾಡಲಿಲ್ಲ. ಬಾಯಿ ಮುಚ್ಚಿದ್ದಕ್ಕೆ ಈ ಸಲ ಕಿವಿ ತೆರೆಯಿತು. ಮೀಸೆಯ ರಾಜ ಗುಡುಗಿದ್ದು ಶಾಪ: ತನ್ನ ಮಗಳ ಕೊರಳಿಗೆ ಯಾವ ನರಮನುಷ್ಯ ಮೂರು ಗಂಟು ಹಾಕುತ್ತಾನೋ ಅವನು ಅಲ್ಲೇ ಕಲ್ಲಾಗಲಿ! ಮೂರನೇ ಗಂಟು ಬಿತ್ತು. ಹೂವಾಡಿಗನ ಬೆರಳು ಕಪ್ಪಾದವು.

ಅವಳು ಎದ್ದೇ ನಿಂತಳು. "ಇವತ್ತು ನಾನಲ್ಲ ಕಣ್ರಮ್ಮೋ! ನನ್ ಕೈ ಇಲ್ಲೇ ಅವೆ, ನೋಡ್ರಿ!"

ಟಾಕೀಸು ಗೊಳ್ಳೆಂದಿತು. ಹಿಂದಿನಿಂದ ಯಾರೋ ಕೂಗಿದರು, "ಕೂರ್ಚೋ ಅವ್ವಾ!" ಅವಳಿಗೆ ಅದೊಂದೂ ಕೇಳಿಸಲಿಲ್ಲ. ದೀಪ ಹತ್ತಿದಾಗ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕುಳಿತಿದ್ದಳು.

"ಹಂಗಾದ್ರೆ ಇಷ್ಟು ವರ್ಸ ನಾನ್ಯಾಕೆ ಅಡಿಗೆ ಮನೇಗೆ ಹೋಯ್ತಿದ್ದೆ?" ಎಂದಳು. ಆದಿಲಕ್ಷ್ಮಿ ಅವಳ ಕೈ ಹಿಡಿದುಕೊಂಡಳು.

ಉಳಿದರ್ಧವನ್ನು ಗೌರಕ್ಕ ಮೊದಲ ಸಲ ನೋಡಿದಳು. ಚಂದ್ರಲೋಕದವಳು ಅಪ್ಪನ ಅರಮನೆ ಬೇಡವೆಂದು, ಬೊಗಸೆಯಲ್ಲಿ ಕೊಳದ ನೀರು ತಂದು ತಂದು ಕಲ್ಲಿಗೆ ಎರೆಯುತ್ತಾಳೆ. ಬೆರಳ ಸಂದಿಯಲ್ಲಿ ಎಲ್ಲ ಸೋರಿ ಒಂದು ಹನಿ ಉಳಿಯುತ್ತದೆ. ಅವಳ ತಲೆ ನೆರೆಯುತ್ತದೆ. ಕೊನೆಗೊಂದು ಬೆಳಿಗ್ಗೆ ಕಲ್ಲಿನ ಹೆಬ್ಬೆರಳು ಅಲುಗುತ್ತದೆ. ಗೌರಕ್ಕ ಅತ್ತ ಅಳುವಿಗೆ ಮುಂದೆ ಕೂತವರು ಸೀರೆ ಎತ್ತಿಕೊಂಡರಂತೆ. ಹಾಗೆಂದು ಅವಳೇ ಹೇಳಿಕೊಂಡಳು. ಕಲ್ಯಾಣದುರ್ಗದ ಬಸ್ಸಿನಲ್ಲಿ ಸೋಮಂದೇಪಲ್ಲಿ ದಾಟಿ ಎಷ್ಟೋ ಹೊತ್ತಾದರೂ ಅದೇ ಮಾತು. "ದಿಲ್ಲಿಯೋರಿಗೆ ಕೈ ಗಿಡ್ಡ. ಒಂದು ಪದಕ ಕೊಟ್ಟು ಕಳ್ಸವ್ರೆ. ನಾನಾಗಿದ್ರೆ ಪೆನುಕೊಂಡೆ ಬೆಟ್ಟಾನೇ ಬರ್ಕೊಡ್ತಿದ್ದೆ."

ಕಲ್ಯಾಣದುರ್ಗದ ಚಪ್ಪರದಲ್ಲಿ ಓಲಗ ಜೋರಾಯಿತು. ಗೌರಕ್ಕನ ಕಾಲು ಅಭ್ಯಾಸದಿಂದ ಅಡುಗೆಯ ಕಡೆ ಹೊರಳಿದವು. ಹಸೆಯ ಮೇಲಿದ್ದ ಆದಿಲಕ್ಷ್ಮಿ ತಲೆಯೆತ್ತಿ ನೋಡಿದಳು. ಗೌರಕ್ಕ ತಿರುಗಿ ನೇರ ಮುಂದೆ ಬಂದು ತಟ್ಟೆಗೆ ಕೈ ಹಾಕಿದಳು. ಹುಡುಗಿಯ ತಾಯಿ ರಂಗಲಕ್ಷ್ಮಮ್ಮ ಬೆಚ್ಚಿದಳು. ಗಂಡಿನ ಸೋದರತ್ತೆ ಬೀರಕ್ಕ ಕಿರುಚಿಯೇ ಬಿಟ್ಟಳು.

"ಅಯ್ಯೋ! ಯಾರಮ್ಮ ಆಯಮ್ಮನ್ನ ಮುಂದಕ್ಕೆ ಬಿಟ್ಟೋರು? ತಾಳಿ ಕಟ್ಟೋ ಹೊತ್ನಾಗೆ!"

"ಯಾರೂ ಬಿಡ್ಲಿಲ್ಲ ಕಣಮ್ಮ, ನಾನೇ ಬಂದ್ಬುಟ್ಟೆ. ನಾನು ಹಾಕ್ದಿದ್ರೂ ಕಲ್ಲಾಗೋನು ಕಲ್ಲಾಯ್ತಾನೆ. ಕಣ್ಣಾರೆ ನೋಡ್ಬಂದಿವ್ನಿ."

ಮೂರನೇ ಗಂಟು ಬಿತ್ತು. ಗೌರಕ್ಕ ಎರಚಿದಳು.

ಪುರೋಹಿತರು ಸಪ್ತಪದಿಗೆ ಎದ್ದು ನಿಲ್ಲು ಎಂದರು. ಗಂಡು ಚೆನ್ನಕೇಶವ ಏಳಲು ಹೋದ. ಏಳಲಾಗಲಿಲ್ಲ. ಕಾಲೂರಿ ಮತ್ತೆ ದೊಪ್ಪನೆ ಕುಳಿತ.

ಚಪ್ಪರವೇ ಉಸಿರು ಹಿಡಿಯಿತು. ಗೌರಕ್ಕ ಅವನ ಕಾಲನ್ನೇ ನೋಡಿದಳು. ಪರದೆಯೂ ಇಲ್ಲ, ಶಾಪ ಕೊಟ್ಟ ರಾಜನೂ ಇಲ್ಲ; ಎದುರಿಗೆ ಇರುವುದು ತನ್ನ ಕೈ, ಅವನ ಕಾಲು. ಬೀರಕ್ಕ ಎದೆ ಬಡಿದುಕೊಳ್ಳಲು ಕೈ ಎತ್ತಿದಳು. ಆದಿಲಕ್ಷ್ಮಿಯ ಮುಖದಲ್ಲಿ ರಕ್ತವಿರಲಿಲ್ಲ.

ಗೌರಕ್ಕ ಮಂಡಿಯೂರಿ ಕುಳಿತು, ಮದುಮಗನ ಹೆಬ್ಬೆರಳನ್ನು ಹಿಡಿದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಚಿವುಟಿದಳು.

"ಅಯ್ಯಯ್ಯಪ್ಪೋ!" ಚೆನ್ನಕೇಶವ ಅರಚಿದ. "ಜೋಮು ಹಿಡ್ದದೆ ಅಜ್ಜಿ! ಬೆಳಗಿಂದ ಚಕ್ಕಂಬಕ್ಕಲ ಹಾಕ್ಕೊಂಡು ಕೂತಿವ್ನಿ, ಬಿಡಜ್ಜಿ!"

ಗೌರಕ್ಕ ಬಿಡಲಿಲ್ಲ. ಬೀರಕ್ಕನ ಕಡೆ ಕತ್ತು ತಿರುಗಿಸಿ, "ಕೇಳ್ದಾ? ಕಲ್ಲು ಇಷ್ಟು ಜೋರಾಗಿ ಬಡ್ಕೊಂತದಾ?" ಎಂದು, ಇನ್ನೊಂದು ಸಲ ಚಿವುಟಿ ನೋಡಿದಳು.