ಸೀಟಕ್ಕನ ಬೈ

ಕರಿಹಲಗೆಯ ಮೇಲೆ ಎಲ್ಲರಿಗಿಂತ ಮೇಲೆ ತನ್ನ ಹೆಸರು ಕಂಡು ಸೀಟಕ್ಕನ ಮುಖ ಊರಗಲವಾಯಿತು. ಕಾರಿನ ಸೀಟುಗಳಿಗೆ ಕವರ್ ಹೊಲಿದು ಹೊಲಿದು ಆ ಹೆಸರು ಅಂಟಿಸಿಕೊಂಡವಳು ಅವಳು.

ವಿಮಾನಗಳು ಮರೆತುಬಿಟ್ಟ ರನ್‌ವೇ ಮೇಲೆ ಬೆಳಗ್ಗೆ ಒಬ್ಬೊಬ್ಬರಾಗಿ ಕಾರು ಓಡಿಸಿದ್ದರು. ವೇಗಕ್ಕೆ ತಕ್ಕ ನಂಬರ್. ಆ ನಂಬರಿನ ಪ್ರಕಾರ ಮಧ್ಯಾಹ್ನ ಜೋಡಿ ಓಟ, ಸೋತವರು ಮನೆಗೆ. ಮೊದಲನೆಯವರಿಗೆ ಕೊನೆಯವರು ಎದುರಾಳಿ, ಎರಡನೆಯವರಿಗೆ ಕೊನೆಯಿಂದ ಎರಡನೆಯವರು, ಹೀಗೆ. ಆದರೆ ಈ ಸಲ ಕಾರುಗಳು ಏಳೇ. ಜೋಡಿಯಿಲ್ಲದೆ ಉಳಿಯುವ ಭಾಗ್ಯ ನಂಬರ್ ಒಂದಕ್ಕೇ ಎಂದು ಕ್ಲಬ್ಬಿನ ನಿಯಮ. ಒಂಟಿಯಾಗಿ ಗೆರೆ ದಾಟಿದರೆ ಸಾಕು, ಮೊದಲ ಸುತ್ತು ಗೆದ್ದಂತೆ. ಇದಕ್ಕೆ ‘ಬೈ’ ಎನ್ನುತ್ತಾರೆ.

“ಬೈ ಸಿಕ್ತು, ಬಚಾವಾದ್ರಿ ಅತ್ತಿಗೆ,” ಎಂದು ಮೈದುನ ಕಾರಿನಡಿಯಿಂದ ತಲೆ ಹೊರಹಾಕಿದ. ಮೆಕ್ಯಾನಿಕ್ಕು, ಮುಖಕ್ಕಿಂತ ಗ್ರೀಸೇ ಹೆಚ್ಚು. “ಆ ನಂಬರಿಗೋಸ್ಕರ ಕ್ಲಚ್ ಸುಟ್ಹಾಕಿದ್ದೀರ. ಮೂಸಿ ನೋಡಿ. ಇನ್ನು ಎರಡೇ ಸಲ ಗಾಡಿ ಜೋರಾಗಿ ಎತ್ತಬಹುದು. ಮೂರನೇದಕ್ಕೆ ನಾನೇ ಹಿಂದಿಂದ ತಳ್ಬೇಕು.”

“ಎರಡು ಸಾಕು ಕಣೋ. ಸೆಮಿಗೊಂದು, ಫೈನಲ್‌ಗೊಂದು. ಮೊದಲ ಸುತ್ತಲ್ಲಿ ಮದುಮಗಳ ಥರ ಮೆಲ್ಲಗೆ ಹೋಗಿಬರ್ತೀನಿ.”

ಅಷ್ಟರಲ್ಲಿ ಮೈಕು ಗೊರಗೊರ ಎಂದಿತು. ಕ್ಲಬ್ಬಿನ ಅಧ್ಯಕ್ಷರ ಅಳಿಯಂದಿರು ಹೊಸ ಕಾರಿನೊಂದಿಗೆ ಈಗಷ್ಟೇ ಆಗಮಿಸಿದ್ದಾರೆ. ಅವರನ್ನು ಎಂಟನೆಯವರಾಗಿ ಸೇರಿಸಿಕೊಳ್ಳಲಾಗಿದೆ. ಆದ್ದರಿಂದ ಯಾರಿಗೂ ಬೈ ಇರುವುದಿಲ್ಲ.

ಅಳಿಯ ಬಂದ, ಬೈ ಅಳಿಯಿತು.

ಸೀಟಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಏಳು ಜನ ಬಿಸಿಲಲ್ಲಿ ಬೆಂದು ಗಳಿಸಿದ ನಂಬರು. ಈ ಮಹಾಶಯ ಒಂದು ಹನಿ ಪೆಟ್ರೋಲೂ ಸುಡದೆ ಒಳಗೆ! ಮಗಳ ಜೊತೆ ಕ್ಲಬ್ಬನ್ನೂ ಬರೆದುಕೊಟ್ಟಿದ್ದಾರೇನು? ಕಬ್ಬಿಣದ ಮೆಟ್ಟಿಲು ಧಡಧಡ ಹತ್ತಿ ಅಧ್ಯಕ್ಷರ ಕ್ಯಾಬಿನ್ನಿಗೆ ನುಗ್ಗಿದಳು. ಫ್ಯಾನಿನ ಕೆಳಗೆ ಅಧ್ಯಕ್ಷರು, ಕಿಟಕಿಯ ಬಳಿ ಅವರ ಹೆಂಡತಿ ಮತ್ತು ಮಗಳು, ವೇಳೆ ಅಳೆಯುವ ಯಂತ್ರದ ತಲೆಯ ಮೇಲೆ ಟೀ ಫ್ಲಾಸ್ಕು.

“ನನ್ನ ಬೈ ಎಲ್ಲಿ ಸಾರ್?”

“ಬೈ ಕೇಳೋಕೆ ಬಂದ್ಯಾ, ಬೈಯೋಕೆ ಬಂದ್ಯಾ?” ತಮ್ಮ ಜೋಕಿಗೆ ಅಧ್ಯಕ್ಷರು ತಾವೇ ನಕ್ಕರು.

“ಬೆಳಗ್ಗೆ ಓಡದವ್ರಿಗೆ ಮಧ್ಯಾಹ್ನ ಓಟ ಇಲ್ಲ ಅಂತ ನೀವೇ ಮಾಡಿದ ನಿಯಮ ಅಲ್ವಾ?”

“ನೋಡಮ್ಮ, ನಿಯಮ ಅಂದ್ರೆ ನಿನ್ನ ರೆಕ್ಸಿನ್ ಇದ್ದ ಹಾಗೆ. ಸ್ವಲ್ಪ ಎಳೆದ್ರೆ ತಾನೆ ಸೀಟಿಗೆ ನೀಟಾಗಿ ಕೂರೋದು?”

“ಜಾಸ್ತಿ ಎಳೆದ್ರೆ ಹೊಲಿಗೆ ಬಿಚ್ಚುತ್ತೆ ಸಾರ್. ಆಮೇಲೆ ಕೂತವ್ರ ಮಾನ ಹೋಗುತ್ತೆ.”

“ಆಯ್ತಾಯ್ತು. ನಂಬರ್ ಒನ್ ಅನ್ನೋ ಮರ್ಯಾದೆ ಇದ್ದೇ ಇದೆಯಲ್ಲ. ಎಡಕ್ಕೋ ಬಲಕ್ಕೋ, ಯಾವ ಲೇನ್ ಬೇಕೋ ನೀನೇ ಆರಿಸ್ಕೋ, ಹೋಗು.”

ಸೀಟಕ್ಕ ಕಿಟಕಿಯಿಂದ ಕೆಳಗೆ ನೋಡಿದಳು. ಎಡ ಲೇನು ಗಾಜಿನ ಹಾಗೆ ನುಣುಪು. ಆದರೆ ಇದೇ ಕಿಟಕಿಯ ಬುಡದಲ್ಲೇ ಇತ್ತು. ಬಲ ಲೇನಿನಲ್ಲಿ ಧೂಳು. ಮತ್ತೆ ತಿರುಗಿ ಕ್ಯಾಬಿನ್ನಿನ ಮೂರು ಮುಖಗಳನ್ನೂ ನೋಡಿದಳು.

“ಬಲಗಡೇದು,” ಎಂದಳು.

ಕೆಳಗೆ ಮೈದುನ ತಲೆ ತಲೆ ಚಚ್ಚಿಕೊಂಡ. “ಸಿಟ್ಟಲ್ಲಿ ಬುದ್ಧಿ ಎಲ್ಲಿಟ್ರಿ ಅತ್ತಿಗೆ? ಅಲ್ಲಿ ಬರೀ ಮಣ್ಣು!”

“ಮಣ್ಣು ನನಗಿರ್ಲಿ, ಮಾವ ಅವನಿಗಿರ್ಲಿ. ಎಡಗಡೆ ನಿಂತ್ರೆ ತಲೆ ಮೇಲೇ ಅತ್ತೆ, ಮಾವ, ಹೆಂಡತಿ. ನಿನಗಾದ್ರೆ ಕಾಲು ನಡುಗಲ್ವಾ?”

“ನನಗೆ ಮದುವೇನೇ ಆಗಿಲ್ವಲ್ಲ.”

“ಅದಕ್ಕೇ ನಿನ್ನ ಕಾಲು ಇನ್ನೂ ನೆಟ್ಟಗಿದೆ.”

ಅಳಿಯನ ಕಾರು ಗೆರೆಗೆ ಬಂದು ಗುರುಗುಟ್ಟಿತು. ಎರಡೂ ಕಾರು ಗೆರೆಯಲ್ಲಿ ನಿಂತ ಮೇಲೇ ಓಟಕ್ಕೆ ಹಸಿರು ತೋರಿಸುವ ದೀಪದ ಕಂಬಕ್ಕೆ ಜೀವ. ಸೀಟಕ್ಕ ಬಸವನಹುಳುವಿನಂತೆ ತೆವಳಿದಳು. ನಡುವೆ ನಿಂತು ಕನ್ನಡಿ ಸರಿಮಾಡಿಕೊಂಡಳು. ಮೇಲೆ ಕಿಟಕಿಯಲ್ಲಿ ಅತ್ತೆ ‘ನಿಧಾನ’ ಎಂದು ಸನ್ನೆ ಮಾಡಿದರು, ಹೆಂಡತಿ ‘ಬೇಗ’ ಎಂದಳು, ಮಾವ ಹೆಬ್ಬೆರಳೆತ್ತಿದರು. ಅಳಿಯ ಹಣೆಯೊರೆಸಿಕೊಂಡ, ಮೇಲೆ ನೋಡಿದ, ಮತ್ತೆ ಒರೆಸಿಕೊಂಡ. ಕೊನೆಗೂ ಸೀಟಕ್ಕ ಗೆರೆ ಮುಟ್ಟಿದಳು. ಹಳದಿ ಬಂತು. ಹಸಿರು ಬರುವ ಮೊದಲೇ ಹೊಸ ಕಾರು ಬಾಣದಂತೆ ಚಿಮ್ಮಿತು.

ಅವನ ಕಡೆ ಕೆಂಪು. ಔಟ್! ಸೀಟಕ್ಕ ಹಸಿರಿಗೆ ಕಾದು, ಕ್ಲಚ್ಚನ್ನು ಮಗುವಿನ ಕೆನ್ನೆಯ ಹಾಗೆ ಸವರಿ, ಮದುಮಗಳಂತೆ ಆ ತುದಿ ಸೇರಿದಳು.

ವಾಪಸು ಬರುವಷ್ಟರಲ್ಲಿ ಮತ್ತೆ ಮೈಕು: “ದೀಪದಲ್ಲಿ ದೋಷವಿದೆ. ಮರು ಓಟ ನಡೆಯಲಿದೆ.”

ಸೀಟಕ್ಕ ನೇರ ಹಲಗೆಯ ಬಳಿ ಹೋಗಿ, ಅಳಿಯನ ಹೆಸರನ್ನು ಅಂಗೈಯಿಂದ ಅಳಿಸಿ, ಆ ಜಾಗದಲ್ಲಿ ಗೇಣುದ್ದದ ಅಕ್ಷರದಲ್ಲಿ ಬರೆದಳು: ಬೈ.

ಜನ ಓದಿದರು. ಎರಡನೇ ನಂಬರಿನ ಲಾರಿ ಡ್ರೈವರ್ ಗಂಟಲು ಸರಿಮಾಡಿಕೊಂಡ. “ಬೋರ್ಡೇ ಹೇಳ್ತಿದೆಯಲ್ರಪ್ಪ, ಇನ್ಯಾಕೆ ತಡ?” ಎಂದವನೇ ಕ್ಯಾಬಿನ್ನಿನ ಕಡೆ ಮುಖವೆತ್ತಿ ಶುರುಹಚ್ಚಿಕೊಂಡ. ಹಿಂದೆಯೇ ಉಳಿದ ಐವರು, ಆಮೇಲೆ ಬೇಲಿಯಾಚೆಯ ಜನವೆಲ್ಲ. ಬೈಗುಳದ ಭಂಡಾರ ಖಾಲಿಯಾಗುವ ಮೊದಲೇ ಮೈಕು ಕೆಮ್ಮಿ, ದೀಪ ಸರಿಯಾಗಿಯೇ ಇತ್ತು ಎಂದು ಒಪ್ಪಿಕೊಂಡಿತು.

“ಎಲ್ಲರೂ ಬೈದ್ರು, ನೀವೊಂದು ಮಾತೂ ಆಡ್ಲಿಲ್ವಲ್ಲ ಅತ್ತಿಗೆ?” ಎಂದ ಮೈದುನ.

ಸೀಟಕ್ಕ ಕೈಗಂಟಿದ ಸೀಮೆಸುಣ್ಣ ಕೊಡವಿಕೊಂಡು ಕಾರು ಹತ್ತಿದಳು.

“ಫೈನಲ್ ಮುಗೀಲಿ ಕಣೋ. ನಂದಿನ್ನೂ ಶುರುವೇ ಆಗಿಲ್ಲ.”